ಅಗಲ ಕಡಿಮೆ ಮಾಡಿದ ಟಾಯರು

ದಿಗ್ಗೇವಾಡಿ
24 ಜೂನ್ 2025, ಮಂಗಳವಾರ

ಪ್ರೀತಿಯ ಮೈದುನ ಸಮ್ಮೇದನಿಗೆ ನಿನ್ನ ವೈನಿಯ ಜಯ ಜಿನೇಂದ್ರ.

ಇಂದು ಚತುರ್ದಶಿ, ಉಪವಾಸ. ಎಮ್ಮೆ ಹಿಂಡಿ, ಬಾವಿಯ ನೀರು ಸೋಸಿ, ಬಟ್ಟೆಯಲ್ಲಿ ಉಳಿದ ಜೀವಗಳನ್ನು ನೀರಿನ ಜೊತೆಗೇ ಮತ್ತೆ ಬಾವಿಗೆ ಇಳಿಸಿ, ಬಸದಿಗೆ ಹೋಗಿ ಬಂದು ಬರೆಯಲು ಕುಳಿತಿದ್ದೇನೆ. ನೀನು ಹೇಗಿದ್ದೀ? ನಿನ್ನ ಮಾವನವರ ಮೊಣಕಾಲು ನೋವು ಇಳಿಯಿತೇ? ಗಂಡಸು ಹೆಂಡತಿಯ ತವರಿನಲ್ಲಿ ಎರಡು ವಾರ ಕುಳಿತರೆ ಕಾಗವಾಡದ ಜನ ಏನೆಂದಾರು ಎಂದು ನಿಮ್ಮಣ್ಣ ಗೊಣಗುತ್ತಾರೆ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದ್ದರೂ ಈ ಮಾತು ನನ್ನ ಬಾಯಿಂದ ಹೊರಡುತ್ತಿರಲಿಲ್ಲ, ಅದಕ್ಕೇ ಈ ಕಾಗದ. ಜೀಪಿಗೆ ಆ ಟಾಯರು ಆರಿಸಿದ್ದು ನಾನು. ಅಂಗಡಿಯಲ್ಲಿ ಇದ್ದದ್ದೇ ಇವು ಎಂದು ನಿನಗೆ ಹೇಳಿದ್ದು ಸುಳ್ಳು.

ನೀನು ನಿನ್ನ ಮಾವನವರನ್ನು ಮಿರಜಿನ ದವಾಖಾನೆಗೆ ಕರೆದೊಯ್ಯುವ ಮುಂಚೆ ಚೀಟಿಯಲ್ಲಿ 215/75 R15 ಎಂದು ಬರೆದುಕೊಟ್ಟು, ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು ನನಗೆ ಪಾಠ ಮಾಡಿದ್ದೆ. "ಮೊದಲನೇದು ಟಾಯರಿನ ಅಗಲರಿ ವೈನಿ, ಮಿಲಿಮೀಟರಿನಾಗ. ನಡಬರಕಿಂದು ಅದರ ಗ್ವಾಡಿ ಎತ್ತರ, ಅಗಲದಾಗ ನೂರಕ್ಕ ಎಪ್ಪತ್ತೈದ ಪಾಲು. ಕಡೀದು ರಿಮ್, ಹದಿನೈದು ಇಂಚು. ಮಣ್ಣಾಗ ಹಿಡಿಯೂ ದಪ್ಪ ಹಲ್ಲಿಂದ ತರ್ರಿ. ರೊಟ್ಟಿ ತಟ್ಟಿದಂಗ ಸಣ್ಣದು ದೊಡ್ಡದು ಆದ್ರ ನಡ್ಯಾಂಗಿಲ್ಲ." ನಾನು ನಕ್ಕಿದ್ದೆ. ಎಲ್ಲ ತಿಳಿದಿತ್ತು. ತಿಳಿಯದೆ ಮಾಡಿದೆ ಅನ್ನುವ ಆಸರೆಯೂ ನನಗಿಲ್ಲ.

ನಿಮ್ಮಣ್ಣ ಜೀಪನ್ನು ಕಾಸಿಮಸಾಬನ ಟಾಯರ ಅಂಗಡಿಗೆ ಬಿಟ್ಟು, ಗೊಬ್ಬರದ ಅಂಗಡಿಗೆ ಹೋದರು. ಚೀಟಿ ನನ್ನ ಕೈಯಲ್ಲಿತ್ತು. ಕಾಸಿಮಸಾಬ ನೀನು ಹೇಳಿದ್ದನ್ನೇ ಉರುಳಿಸಿಕೊಂಡು ಬಂದ. ಆ ಹಲ್ಲುಗಳ ಮೇಲೆ ಕೈಯಾಡಿಸಿ ನೋಡಿದೆ. ಮಳೆ ಬಿದ್ದು ನೆಲದ ಹುಳಗಳೆಲ್ಲ ಮೇಲೆ ಬಂದಿದ್ದವು. ಮುನಿ ಮಹಾರಾಜರು ನವಿಲುಗರಿಯ ಪಿಂಛಿಯಿಂದ ನೆಲ ಸವರಿ ಕೂರುವವರು. ಅವರ ಆಹಾರಕ್ಕೆ ಚೌಕಾ ಹೂಡಿ ಮಡಿಯಲ್ಲಿ ಅಡಿಗೆ ಮಾಡಲು ಮುಂದೆ ಹೋಗುವ ಗಾಡಿ ಅಷ್ಟಗಲ ತುಳಿಯುತ್ತ ಹೋಗುವುದೇ? ಅಗಲ ಕಡಿಮೆಯದು, ಹಲ್ಲು ಸಣ್ಣದು ಕೊಡು ಎಂದೆ. ಅವನು 195/80 R15 ತೋರಿಸಿದ. "ಇದೂ ಕೂಡತೈತ್ರಿ ಅಕ್ಕಾರ, ರಿಮ್ ಅದ ಐತಿ, ಎತ್ತರಾನೂ ಹತ್ರಹತ್ರ. ಆದ್ರ ಭಾರ ಕಡಿಮಿ ಹೊರತೈತಿ, ಎರಿ ಮಣ್ಣಾಗ ಹೂಳತೈತಿ" ಎಂದ. ಹುಳದ ವಿಷಯ ಹೇಳಿದೆ. "ಹುಳದ ಲೆಕ್ಕಾ ನನಗ ತಿಳ್ಯಾಂಗಿಲ್ಲರಿ. ನಿಮ್ಮ ಹಂಡೆ ಗುಂಡೆ, ಅಡಿಗಿಗೆ ಹೋಗೂ ಆರು ಮಂದಿ ಅಕ್ಕಗಳ ಭಾರದ ಲೆಕ್ಕಾ ಹೇಳಾಕತ್ತೀನಿ" ಎಂದ. ಕೇಳಲಿಲ್ಲ ನಾನು. ಪುಣ್ಯ ಕಟ್ಟಿಕೊಂಡಂತೆ ಮನೆಗೆ ಬಂದೆ.

ಮುಂದಿನದು ನಿನಗೆ ಗೊತ್ತು. ರಾತ್ರಿ ಬಂದ ನೀನು ಗಾಲಿ ನೋಡಿ ಮುಖ ಗಂಟಿಕ್ಕಿದೆ, ನಾನು ಆ ಸುಳ್ಳು ಹೇಳಿದೆ. ಬೆಳಗಾದರೆ ಮಹಾರಾಜರು ಮುಂದಿನ ಊರಿಗೆ ನಡೆದು ಹೊರಡುವ ವಿಹಾರ, ಬದಲಿಸಲು ಹೊತ್ತಿರಲಿಲ್ಲ. ಪಾಲಬಾವಿಯ ಹೊಲದ ದಾರಿಯಲ್ಲಿ ಜೀಪು ಹೂತಿತು. ಗಾಲಿ ತಿರುಗಿದಷ್ಟೂ ತಗ್ಗು ಆಳವಾಯಿತು. ಸಲಿಕೆ ಹಾಕಿ ಅಗೆದೆವು, ಗಾಲಿಗೆ ಕಲ್ಲು ಕೊಟ್ಟೆವು. ಆ ಒಂದು ತಗ್ಗಿನಲ್ಲಿ ತುಂಡಾದ ಎರೆಹುಳಗಳನ್ನು ನಾನು ನೋಡಿದ್ದೇನೆ ಸಮ್ಮೇದ. ನೀನು ಹೇಳಿದ ಟಾಯರಿನಲ್ಲಿ ನಾಲ್ಕು ಹಳ್ಳಿ ಸುತ್ತಿದರೂ ಅಷ್ಟು ಸಾಯುತ್ತಿರಲಿಲ್ಲ. ನಾವು ಹೋಗಿ ಒಲೆ ಹೊತ್ತಿಸುವಷ್ಟರಲ್ಲಿ ಆಹಾರದ ವೇಳೆ ಮೀರಿತ್ತು. ಮಹಾರಾಜರು ಹನಿ ನೀರೂ ಮುಟ್ಟದೆ ಧ್ಯಾನಕ್ಕೆ ಕುಳಿತರು. ದಿನಕ್ಕೊಂದೇ ಹೊತ್ತು ಉಣ್ಣುವವರಿಗೆ ಇನ್ನು ಮರುದಿನವೇ. ಚೌಕಾದ ಉಸ್ತುವಾರಿ ನೋಡುವ ಬಾಬಾಸಾಹೇಬ ಕಾಕಾ ಎಲ್ಲರೆದುರು ನಿನಗೆ, "ಟಾಯರ ನೋಡಿ ಹಾಕಾಕ ಬರಾಂಗಿಲ್ಲೇನಲೇ? ನಾಲ್ಕ ದುಡ್ಡ ಉಳಿಸಾಕ ಹೋಗಿ ಮಹಾರಾಜರನ್ನ ಉಪವಾಸ ಕೆಡವಿದಿ. ಇನ್ನ ಚೌಕಾದ ಗಾಡಿ ಮುಟ್ಟಬ್ಯಾಡ" ಎಂದರು. ನೀನು ಒಮ್ಮೆ ನನ್ನ ಕಡೆ ನೋಡಿದೆ. ನಾನು ಸೆರಗಿನಿಂದ ಹಂಡೆ ಒರೆಸುತ್ತ ನಿಂತೆ. ಏಳು ವರ್ಷ ಒಂದು ದಿನವೂ ತಪ್ಪಿಸದೆ ಗಾಡಿ ಹೊಡೆದವನ ಹೆಸರು ಹೋಗುತ್ತಿದ್ದಾಗ ನಾನು ಹಂಡೆ ಒರೆಸಿದೆ.

ಇಂದು ಬೆಳಿಗ್ಗೆ ನಿಮ್ಮಣ್ಣನಿಗೆ ಹೇಳಿದೆ. "ನನಗ ಹೇಳಿದ್ರ ಏನ ಬಂತು" ಎಂದರು. ಅದೂ ನಿಜ. ಬರುವ ಅಷ್ಟಮಿಯ ದಿನ ಅಭಿಷೇಕ ಮುಗಿದ ಮೇಲೆ ಬಸದಿಯಲ್ಲಿ ಕಾಕಾ ಮತ್ತು ಎಲ್ಲರ ಮುಂದೆ ಹೇಳುತ್ತೇನೆ. ನೀನು ಬಂದರೂ ಸರಿ, ಬಾರದಿದ್ದರೂ ಹೇಳುವುದು ಹೇಳುವುದೇ. ನಿನ್ನ ಹೆಂಡತಿಗೆ, ಮಾವನವರಿಗೆ ನನ್ನ ನಮಸ್ಕಾರ ತಿಳಿಸು. ಭಗವಂತ ನಿನ್ನನ್ನು ಚೆನ್ನಾಗಿ ಇಟ್ಟಿರಲಿ.

ಇಂತು ನಿನ್ನ ವೈನಿ,
ತ್ರಿಶಲಾ

ತಾ.ಕ.: ಮೇಲೆ ಬರೆದದ್ದೆಲ್ಲ ನಿನಗೆ ಮೊದಲೇ ಗೊತ್ತಿತ್ತು ಎಂಬುದು ನನಗೂ ಗೊತ್ತಾಗಿದೆ. ಅದನ್ನು ಮೇಲೆಯೇ ಬರೆಯಲು ಕೈ ಬರಲಿಲ್ಲ. ನಿನ್ನೆ ಸಂತೆಯಲ್ಲಿ ಕಾಸಿಮಸಾಬ ಸಿಕ್ಕಿದ್ದ. ಜೀಪು ಹೂತ ಮರುದಿನವೇ ನೀನು ಅವನ ಅಂಗಡಿಗೆ ಜಗಳಕ್ಕೆ ಹೋಗಿದ್ದೆಯಂತೆ. ಎಲ್ಲ ಕೇಳಿದ ಮೇಲೆ, "ವೈನಿ ಹೆಸರ ಯಾರ ಮುಂದೂ ತಗೀಬ್ಯಾಡರಿ" ಎಂದು ಅವನ ಕೈ ಹಿಡಿದು ಬಂದೆಯಂತೆ. ಆಮೇಲೆಯೇ ಕಾಗವಾಡದ ಬಸ್ಸು ಹತ್ತಿದ್ದು. ಇನ್ನು ನನ್ನ ಹೆಸರು ಕಾಯಬೇಡ. ಪಕ್ಕದ ಹೊಲದ ನೇಮಿನಾಥ ಗುರುವಾರ ದ್ರಾಕ್ಷಿಗೆ ಹೊಡೆಯುವ ಔಷಧಿ ತರಲು ಅಲ್ಲಿಗೆ ಬರುತ್ತಾನೆ, ಉತ್ತರ ಇಸಿದುಕೊಂಡೇ ಬಾ ಎಂದು ಅವನಿಗೆ ಹೇಳಿದ್ದೇನೆ. ಬೈದು ಬರೆದರೂ ಸರಿ, ಅವನನ್ನು ಬರಿಗೈಯಲ್ಲಿ ಕಳಿಸಬೇಡ.