ನಲವತ್ತು ನಿಮಿಷದ ಪರೀಕ್ಷೆ

ಮಾರ್ಚ್ 4, ಬೆಳಿಗ್ಗೆ 10
ಮತ್ತೆ ಅದೇ. ಕಾರ್ಖಾನೆಯ ರೋಬೋ ತೋಳಿನ ಸುತ್ತಲಿನ ಜಾಗವನ್ನು ಚಪ್ಪಟೆ ಮುಖದ ತುಂಡುಗಳಾಗಿ ಒಡೆದು ಸಾಫ್ಟ್‌ವೇರ್‌ಗೆ ಕೊಡುವುದು. ಪಾಲಿಹೆಡ್ರಲ್ ಕಾಂಪ್ಲೆಕ್ಸ್ ಎಂಬ ದೊಡ್ಡ ಹೆಸರು ಬೇರೆ. ಮೊದಲು ಮೂಲೆಗಳ ಪಟ್ಟಿ, ಆಮೇಲೆ ಯಾವ ಮೂಲೆಗಳು ಸೇರಿ ಯಾವ ತುಂಡು. ಕೆಲವು ತುಂಡು ತೋಳು ಓಡಾಡಲು, ಕೆಲವು ಮನುಷ್ಯರು ನಿಲ್ಲಲು. ಎರಡು ತುಂಡು ತಾಗಿದರೆ ಇಡೀ ಮುಖವೋ ಅಂಚೋ ಮೂಲೆಯೋ ಸರಿಯಾಗಿ ಕೂಡಬೇಕು, ಒಂದರೊಳಗೊಂದು ನುಗ್ಗುವಂತಿಲ್ಲ. ಅದನ್ನು ಸಾಫ್ಟ್‌ವೇರೇ ಪರೀಕ್ಷಿಸುತ್ತದೆ — ನಲವತ್ತು ನಿಮಿಷ! ಆಫ್ ಮಾಡಿದೆ. ಯಾವಾಗಲೂ ಮಾಡುವುದೇ. ನನ್ನ ಕಣ್ಣೇ ಸಾಕು.

ಮಾರ್ಚ್ 5
ಕಳಿಸಿದೆ. "ಭೇಷ್, ಬೇಗ ಮುಗಿಸಿದ್ರಿ" ಎಂದರು ಮುಖ್ಯಸ್ಥರು. ಉಬ್ಬಿಹೋದೆ.

ಮಾರ್ಚ್ 19, ಬೆಳಿಗ್ಗೆ 8.40, ಬಸ್ಸಿನಲ್ಲಿ
ಅಣ್ಣ ಆ ಕಾರ್ಖಾನೆಯಲ್ಲೇ ಫಿಟ್ಟರ್. ಈ ವಾರದಿಂದ ಆ ತೋಳಿನ ಪಕ್ಕದಲ್ಲೇ ಡ್ಯೂಟಿ. ತಿಂಡಿ ತಿನ್ನುತ್ತಾ, "ನಿನ್ನ ಗೊಂಬೆ ನಿನ್ನೆ ನನ್ನ ಕಿವಿ ಪಕ್ಕಾನೇ ಹೋಯ್ತು ಕಣೇ, ಗಾಳಿ ಬೀಸ್ತು" ಎಂದು ನಕ್ಕ. "ಕ್ಷೌರ ಮಾಡ್ಸೋದು ತಪ್ತು ಬಿಡಿ" ಎಂದರು ಅತ್ತಿಗೆ. ಅವನಿದ್ದದ್ದು ಮನುಷ್ಯರ ಜಾಗದಲ್ಲಿ. ತೋಳು ಅಲ್ಲಿಗೆ ಬರಲೇಬಾರದು. ಬಾಯಿ ಬಿಡುವಷ್ಟರಲ್ಲಿ ಅಣ್ಣ ಶಿಫ್ಟಿಗೆ ಹೊರಟುಹೋದ.

9.30
ಸಿಕ್ಕಿತು. ಹದಿನೇಳನೇ ತುಂಡು. ಸಾಫ್ಟ್‌ವೇರ್ ಮೂಲೆಗಳನ್ನು ಸೊನ್ನೆಯಿಂದ ಎಣಿಸುತ್ತದೆ. ಇಲ್ಲೊಂದು ಕಡೆ ನಾನು ಒಂದರಿಂದ ಎಣಿಸಿದ್ದೇನೆ. ಮೂಲೆ ತಪ್ಪಿ, ತೋಳಿನ ತುಂಡು ಅಣ್ಣ ನಿಲ್ಲುವ ತುಂಡಿನೊಳಗೆ ನುಗ್ಗಿದೆ. ಫೋನ್ ಮಾಡಿದೆ. ಎತ್ತಲಿಲ್ಲ — ತೋಳಿರುವ ಶೆಡ್ಡಿನೊಳಗೆ ಫೋನ್ ಒಯ್ಯುವಂತಿಲ್ಲ.
ಮುಖ್ಯಸ್ಥರಿಗೆ ಹೇಳಿದೆ. "ಗಾಬರಿ ಆಗ್ಬೇಡಿ. ಸೋಮವಾರ ನೋಡೋಣ. ಇವತ್ತು ನಿಲ್ಸಿದ್ರೆ ನನ್ನ ತಲೆ ಹೋಗುತ್ತೆ."
ಅವರ ತಲೆಯಂತೆ! ಕೆಲಸ ಹೋದರೆ ಹೋಗಲಿ. ಶೆಡ್ಡಿಗೆ ಓಡುತ್ತೇನೆ.

10.20
ತೋಳು ನಿಲ್ಲಿಸುವ ಕೆಂಪು ಗುಂಡಿ ನಾನೇ ಒತ್ತಿದೆ. ಶೆಡ್ ಗಪ್‌ಚಿಪ್. "ಯಾವ ಪುಣ್ಯಾತ್ಮರಪ್ಪಾ ನಿಲ್ಸಿದ್ದು?" ಎನ್ನುತ್ತಾ ಅಣ್ಣ ತಲೆಯೆತ್ತಿದ. ಎಲ್ಲರೆದುರೇ ಅತ್ತುಬಿಟ್ಟೆ. "ಏನೂ ಆಗಿಲ್ವಲ್ಲೇ ಹುಚ್ಚಿ" ಎಂದು ಬೆನ್ನು ತಟ್ಟಿದ.
ಈಗ ಪರೀಕ್ಷೆ ಆನ್ ಮಾಡಿ ಕೂತಿದ್ದೇನೆ.

11.05
ಮುಗಿಯಿತು. ಒಂದಲ್ಲ, ಮೂರು ಕಡೆ ತಪ್ಪು. ಉಳಿದೆರಡು ಈ ಸಲದ್ದಲ್ಲ... ಹೋದ ವರ್ಷದ ನನ್ನದೇ ಫೈಲಿನಿಂದ ಎತ್ತಿಕೊಂಡದ್ದು. ಆ ಫೈಲು ಬೇರೆ ನಾಲ್ಕು ಕಾರ್ಖಾನೆಗಳಿಗೆ ಹೋಗಿದೆ. ಅಲ್ಲಿನ ತೋಳುಗಳು ಈ ಗಳಿಗೆಯಲ್ಲೂ ಓಡಾಡುತ್ತಿವೆ. ಪಕ್ಕದಲ್ಲಿ ಯಾರ ಅಣ್ಣ ನಿಂತಿದ್ದಾನೋ.
ಮೊದಲ ಕಾರ್ಖಾನೆಯ ನಂಬರ್ ಬಿಜಿ. ಎರಡನೆಯದು ರಿಂಗಾಗುತ್ತಿದೆ. ಎತ್ತಿ, ದಯವಿಟ್ಟು ಎತ್ತಿ —
ಎತ್ತಿದರು. ಹೆಣ್ಣು ದನಿ, ಏದುಸಿರು. "ಆಮೇಲೆ ಮಾಡಿ ಮೇಡಂ, ಒಳಗೆ ಏನೋ ಆಗಿದೆ, ತೋಳು ಯಾರಿಗೋ ಬಡೀತಂತೆ —" ಲೈನ್ ಕಟ್ಟಾಯಿತು.