ನಿನ್ನ ಸೊನ್ನೆ ಗೆದ್ದಿತು

ಮಹಾಜನರೇ, ಗದ್ದಲ ಬಿಟ್ಟು ಇತ್ತ ಕೇಳಿ! ಮಹಾಜನರೆಂದರೆ ನೀನೊಬ್ಬನೇ, ಗೆಳೆಯಾ. ನೀನೀಗ ಎಲ್ಲಿದ್ದೀಯೋ ಗೊತ್ತಿಲ್ಲ, ಈ ಪತ್ರ ನಿನಗೂ ತಲುಪುವುದಿಲ್ಲ.

ನೀನು ಬಿಟ್ಟುಹೋದ ಇಂಗಾಲದ ತೆಳು ಹಾಳೆಯನ್ನು ಇವತ್ತು ಹೊಸ ವಿದ್ಯಾರ್ಥಿನಿ ನಮ್ಮ ಪ್ರಯೋಗಾಲಯದ ಬೀರುವಿನಿಂದ ತೆಗೆದು ಅತಿಶೀತಕ್ಕೆ ತಣ್ಣಗಾಗಿಸಿದಳು. ವಿದ್ಯುತ್ತಿಗೆ ಅದು ಒಡ್ಡುವ ತಡೆ ಇಳಿದಿಳಿದು ಸೊನ್ನೆಯಾಯಿತು.

"ಅಳೆಯುವ ತಂತಿ ಕಿತ್ತು ಸುಳ್ಳು ಸೊನ್ನೆ ತೋರಿಸ್ತಿರಬೇಕು ಸಾರ್," ಎಂದಳು.

ಆರು ವರ್ಷದ ಹಿಂದೆ, ಇದೇ ಸೊನ್ನೆ ಕಂಡು, ನಾನು ಎಲ್ಲರೆದುರು ನಿನಗೆ ಅಂದದ್ದು: "ಒಂದು ಬೆಸುಗೆ ಹಾಕೋಕೂ ಬರಲ್ವೇನಯ್ಯಾ?" ಮರುದಿನದಿಂದ ನೀನು ಬರಲಿಲ್ಲ.

ಅವಳು ನಿನ್ನ ಬೆಸುಗೆಗಳನ್ನು ಒಂದೊಂದಾಗಿ ಪರೀಕ್ಷಿಸಿದಳು. ಎಲ್ಲವೂ ಗಟ್ಟಿ. ಕಾಂತದ ಬಲ ಏರಿಸಿದರೆ ತಡೆ ಮರಳಿತು, ಇಳಿಸಿದರೆ ಮತ್ತೆ ಸೊನ್ನೆ; ಕಿತ್ತ ತಂತಿ ಹೀಗೆ ಕಾಂತಕ್ಕೆ ಮಣಿಯದು. ತಡೆಯೇ ಇಲ್ಲದೆ ವಿದ್ಯುತ್ ಹರಿಸುವ ಅತಿವಾಹಕ ಕಣಯ್ಯಾ, ಅಪ್ಪಟ ಅತಿವಾಹಕ!

ನಾಳೆ ಬೆಳಿಗ್ಗೆ ವಿಭಾಗದ ಸಭೆಯಲ್ಲಿ, ಹಿಂದಿನ ಬೆಂಚಿಗೂ ಕೇಳುವಂತೆ, ಇದನ್ನು ಕಂಡವನು ನೀನೆಂದು ಸಾರುತ್ತೇನೆ. ಆ ಬೆಸುಗೆಗಳನ್ನು ನಾನು ಒಮ್ಮೆಯೂ ಪರೀಕ್ಷಿಸಿರಲಿಲ್ಲ ಎಂಬುದನ್ನೂ ಅದೇ ಗಂಟಲಲ್ಲಿ ಹೇಳುತ್ತೇನೆ.