ಶಿವನ ಹಿಂದಿನ ಗುಡ್ಡ

ಮಾವಾ,

ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಸತ್ತವರ ಮೇಲೆ ಸಿಟ್ಟಾಗಬಾರದಂತೆ. ಹಂಗಾದರೆ ಇದನ್ನು ಯಾರ ಮೇಲೆ ಹಾಕಲಿ?

ಆದೋನಿಯಲ್ಲಿ ದೇವರ ಪಟಗಳಿಗೆ ಕಟ್ಟು ಹಾಕುವ ನಮ್ಮ ಅಂಗಡಿಯಲ್ಲಿ ನೀನು ಕಲಿಸಿದ ಮೊದಲ ಪಾಠ ನೆನಪಿದೆಯಾ? ಕಟ್ಟಿಗಿಂತ ಪಟ ದೊಡ್ಡದಾದರೆ ಪಟವನ್ನೇ ಕೊಯ್ಯಬೇಕು. ಕಟ್ಟಿಗೆ ದುಬಾರಿ, ಕಾಗದ ಅಗ್ಗ. "ದೇವರ ಮಾರಿ ಕಂಡ್ರ ಮುಗೀತಲೇ, ಉಳಿದದ್ದು ಕಸ" ಅನ್ನುತ್ತ ಆ ಕಸವನ್ನು ಅಂಟು ಕಾಯಿಸುವ ಒಲೆಗೆ ತುರುಕುತ್ತಿದ್ದೆ. ಭಾರಿ ವ್ಯಾಪಾರಿ ನೀನು!

ಹೋದ ತಿಂಗಳು ಕೌತಾಳಂನ ಶಂಕ್ರಮ್ಮನವರು ತಮ್ಮ ಅತ್ತೆಯ ಕಾಲದ ಪಟ ತಂದರು. ಕೈಯಿಂದ ಬರೆದ ಶಿವ, ಪಾರ್ವತಿ, ಹಿಂದೆ ಗುಡ್ಡ. "ದೇವರ ಗೂಡಿನ ಅಳತಿಗೆ ಕೊಯ್ದು ಹಾಕು ತಮ್ಮಾ" ಅಂದರು. ಮುಟ್ಟಿದರೆ ಬಣ್ಣ ಉದುರುತ್ತಿತ್ತು. ಇಂಥವನ್ನು ಬಲ್ಲವರು ಹೆಂಗೆ ಕಟ್ಟುತ್ತಾರೋ ನೋಡೋಣ ಎಂದು ಹೈದರಾಬಾದಿನ ಒಂದು ಗ್ಯಾಲರಿಗೆ ಹೋದೆ.

ಅಲ್ಲಿ ಏನು ಕಂಡೆ ಗೊತ್ತಾ? ಹಳೆಯ ದೇವರ ಪಟಗಳು, ಅಂಚು ಸಮೇತ. ಒಂದರಲ್ಲಿ ಶಿವ ಅಂಗೈಯಷ್ಟು. ಉಳಿದದ್ದೆಲ್ಲ ಬಂಡೆ, ಹೊಳೆ, ಕುರಿಮಂದೆ, ಥೇಟ್ ನಮ್ಮ ಹಾಲಹರವಿ ಕಡೆಯ ಬಯಲು. ಪಕ್ಕದ ಕೋಣೆಯಲ್ಲಿ ದೇವರೇ ಇಲ್ಲದ ಬರೀ ಗುಡ್ಡ, ಬರೀ ಮುಗಿಲು. ಅವಕ್ಕೂ ಬಂಗಾರದ ಬಣ್ಣದ ಕಟ್ಟು! ನಿಂತಲ್ಲೇ ಮೈ ಉರಿಯಿತು. ನೀನು ಸುಟ್ಟ ತುಂಡುಗಳಲ್ಲಿ ಎಷ್ಟು ಹೊಳೆ ಇದ್ದವೋ, ಎಷ್ಟು ಮುಗಿಲು... ಒಂದು ಸಲವಾದರೂ ತಿರುಗಿಸಿ ನೋಡಿದ್ದೆಯಾ ಮಾವ?

ವಾಪಸ್ ಬಂದವನೇ, ಕೊಯ್ಯುವುದಿಲ್ಲ ಎಂದೆ.

"ಎದುರಿನ ಅಂಗಡಿಯಂವ ಕೊಯ್ತಾನ, ಇತ್ತ ಕೊಡು" ಎಂದು ಶಂಕ್ರಮ್ಮನವರು ಕೈ ಚಾಚಿದರು.

"ಗೂಡಿನ್ಯಾಗ ಇಟ್ರ ನೀವೊಬ್ರೇ ನೋಡ್ತೀರಮ್ಮಾ. ಪಡಸಾಲ್ಯಾಗ ಹಾಕ್ರಿ, ಬೀಗರು ಬಾಯಿ ತಕ್ಕೊಂಡು ನಿಲ್ತಾರ."

"ನಮ್ಮ ಬೀಗರು ಕುಂತ್ರ ಏಳಂಗಿಲ್ಲ, ಇನ್ನ ನಿಲ್ಲೂದೆಲ್ಲಿ ಬಂತು!"

ಬೈದರು, ಆದರೆ ಪಟ ಬಿಟ್ಟುಹೋದರು. ಅಂಚಿನ ಒಂದೆಳೆಯೂ ಹೋಗದಂತೆ ಕಟ್ಟಿದೆ.

ನಿನಗೆ ಮುಟ್ಟಬೇಕಾದ ಸುದ್ದಿ ಇದು: ಮೊನ್ನೆ ಅವರ ಪಡಸಾಲೆಯಲ್ಲಿ ನಾನೇ ಮೊಳೆ ಹೊಡೆದು ತೂಗುಹಾಕಿದೆ. ಶಂಕ್ರಮ್ಮನವರು ಗಾಜಿನ ಮೇಲೆ ಶಿವನಿಗೆ ವಿಭೂತಿ ಹಚ್ಚಿದರು, ಪಾರ್ವತಿಗೆ ಕುಂಕುಮ. ಆಮೇಲೆ ಮತ್ತೆ ವಿಭೂತಿಗೆ ಬೆರಳೊತ್ತಿ, ಹಿಂದಿನ ಗುಡ್ಡಕ್ಕೂ ಮೂರು ಗೆರೆ ಎಳೆದರು.